ಹಿಮಾಲಯಕ್ಕೆ ಹೋದ ಹೊಟ್ಟೆ

ಸಿಂಗಸಂದ್ರದಲ್ಲಿ ಜಿಮ್ ನಡೆಸುವ ನರೇಶ, ಹೊಟ್ಟೆ ಕರಗುವುದು ಬೆವರಿನಿಂದ ಮಾತ್ರ ಎಂದು ಹತ್ತು ವರ್ಷ ಊರಿಗೆಲ್ಲ ಉಪದೇಶ ಮಾಡಿದ. ಅಷ್ಟೂ ವರ್ಷ ಅವನ ಹೊಟ್ಟೆ ಮಾತ್ರ ಅವನ ಮಾತು ಕೇಳದೆ ಬೆಳೆಯಿತು. ಕೊನೆಗೆ, ಹಿಮಾಲಯಕ್ಕೆ ಚಾರಣ ಹೋಗುತ್ತೇನೆಂದು ಸದಸ್ಯರಿಗೆ ಹೇಳಿ, ಆಸ್ಪತ್ರೆಗೆ ಹೋಗಿ ಕೊಬ್ಬನ್ನು ಕೊಳವೆಯಿಂದ ಹೀರಿಸಿಕೊಂಡು ಬಂದ.

ಹೀರಿದ ಜಾಗ ಬಾತುಕೊಂಡಿತು. ಒಳಗೆ ನಿಂತ ನೀರು ಇಳಿಯಲು ದಿನ ಬಿಟ್ಟು ದಿನ ಮಸಾಜ್ ಆಗಬೇಕೆಂದು ಡಾಕ್ಟರು ಮಹಾನಂದಾಳನ್ನು ಮನೆಗೆ ಕಳಿಸಿದರು. ಯಾದಗಿರಿ ಕಡೆಯವಳು, ಹೆಬ್ಬಗೋಡಿಯಲ್ಲಿ ಬಾಡಿಗೆಗಿದ್ದಳು. ಈ ಕೆಲಸಕ್ಕೆಂದೇ ತರಬೇತಿ ಪಡೆದಿದ್ದಳು. ಅವಳ ಬೆರಳು ಚರ್ಮವನ್ನಷ್ಟೇ ಮೆಲ್ಲಗೆ ಸವರುತ್ತಿತ್ತು. ಕಬ್ಬಿಣ ಎತ್ತಿ ಬೆಳೆದ ನರೇಶನಿಗೆ ಅದು ಅವಮಾನವೆನಿಸಿತು.

“ಏನಮ್ಮ, ಧೂಳು ಒರೆಸ್ತಿದೀಯಾ? ಸ್ವಲ್ಪ ಒತ್ತಮ್ಮ,” ಎಂದ.

“ಒತ್ತಿದ್ರ ಒಳಗ ರಕ್ತ ಕಟ್ಟತದ್ರೀ ಸರ.”

ಅವನು ನಂಬಲಿಲ್ಲ. ಅವಳು ಹೋದ ಮೇಲೆ ತನ್ನ ಟ್ರೇನರ್ ಬಸಲಿಂಗನನ್ನು ಕರೆಸಿ, ಬೆಟ್ಟದಲ್ಲಿ ಜಾರಿಬಿದ್ದ ಪೆಟ್ಟು, ಅದಕ್ಕೇ ಬೇಗ ಮರಳಿದೆ ಎಂದು ಹೇಳಿ ಎಳ್ಳೆಣ್ಣೆ ಹಾಕಿ ತಿಕ್ಕಿಸಿಕೊಂಡ. ಬೆಳಗಾಗುವಷ್ಟರಲ್ಲಿ ಹೊಟ್ಟೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಬೈದರು. ಮಹಾನಂದಾ ಮಸಾಜನ್ನು ಮೊದಲಿನಿಂದ ಶುರುಮಾಡಿದಳು.

ತಿಂಗಳಾದ ಮೇಲೆ ನರೇಶ, ಆಸ್ಪತ್ರೆಯ ಬಿಗಿ ಪಟ್ಟಿಯ ಮೇಲೆ ಬಿಗಿ ಬನಿಯನ್ ತೊಟ್ಟು ಜಿಮ್ಮಿಗೆ ಮರಳಿದ. ‘ಬೆಟ್ಟ ಹತ್ತಿ, ಹೊಟ್ಟೆ ಇಳಿಸಿ’ ಎಂಬ ತರಗತಿ ತೆರೆದ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಂದ ನಲವತ್ತು ಮಂದಿ ಬಂದು ಸೇರಿದರು. ಆ ಸಂಭ್ರಮದಲ್ಲಿ ಮಹಾನಂದಾಳ ಫೋನು ಎತ್ತುವುದನ್ನೇ ಬಿಟ್ಟ.

ರೋಗಿಯನ್ನು ಹುಡುಕಿಕೊಂಡು ಅವಳು ಒಂದು ಸಂಜೆ ಜಿಮ್ಮಿಗೇ ಬಂದಳು. ನರೇಶ ಹಿಮದಲ್ಲಿ ನಡೆದ ಕಥೆ ಹೇಳುತ್ತಿದ್ದ. ವಿಷಯ ಗುಟ್ಟಿನದೆಂದು ಅವನು ಅವಳಿಗೆ ಹೇಳಿಯೇ ಇರಲಿಲ್ಲ; ಅವಳನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

“ಸರ, ಇನ್ನ ನಾಕು ಮಸಾಜ್ ಉಳದಾವ. ಕೊಬ್ಬು ತಗದ ಜಾಗಾ ಗಟ್ಟಿ ಆದ್ರ ಆಮ್ಯಾಲ ಕಷ್ಟ ಅದ.”

ಟ್ರೆಡ್‌ಮಿಲ್ಲುಗಳು ಒಂದೊಂದಾಗಿ ನಿಂತವು. ಈಯಮ್ಮ ಬೇರೆ ಯಾರನ್ನೋ ಹುಡುಕುತ್ತಿದ್ದಾಳೆ ಎಂದ ನರೇಶ. ಬಸಲಿಂಗ ಅವನ ಬನಿಯನ್ನಿನತ್ತ ನೋಡಿದ.

“ಅಂದ್ರ ಅವತ್ತ ನಾ ತಿಕ್ಕಿದ್ದು ಇದನ್ನೇನ್ರಿ?” ಎಂದು ತಣ್ಣಗೆ ಕೇಳಿದ.

ಇನ್ನು ಜಿಮ್ ಮುಚ್ಚಿದ ಹಾಗೇ ಎಂದುಕೊಂಡಿದ್ದ ಬಸಲಿಂಗ. ಸದಸ್ಯರಲ್ಲಿ ಒಬ್ಬರೂ ಜಿಮ್ ಬಿಡಲಿಲ್ಲ, ಕೆಲಸ ಬಿಟ್ಟವನು ಬಸಲಿಂಗನೊಬ್ಬನೇ. ಏಳು ಮಂದಿ ಮಹಾನಂದಾಳನ್ನು ಬಸ್ ಸ್ಟಾಪಿನ ತನಕ ಹಿಂಬಾಲಿಸಿ ಆಸ್ಪತ್ರೆಯ ನಂಬರು ಕೇಳಿದರು. ನೋವಾಗುತ್ತದೆ, ಬಾಯಿ ಕಟ್ಟದಿದ್ದರೆ ಹೊಟ್ಟೆ ಮತ್ತೆ ಬರುತ್ತದೆ ಎಂದೂ ಅವಳು ಹೇಳಿದಳು. ಅವರು ನಂಬರನ್ನಷ್ಟೇ ಬರೆದುಕೊಂಡರು. ನರೇಶ ಉಳಿದ ಮಸಾಜುಗಳನ್ನು ಜಿಮ್ಮಿನ ಆಫೀಸು ಕೋಣೆಯಲ್ಲೇ ಮಾಡಿಸಿಕೊಂಡ, ತರಗತಿಯನ್ನೂ ನಿಲ್ಲಿಸಲಿಲ್ಲ.