ಬಿಚ್ಚದ ಗಂಟು

ಗಂಟಮ್ಮ ಕೊನೆಗೂ ಹೂಂ ಅಂದಳು. ಹೂಂ ಅಂತಲೂ ಅಲ್ಲ, ಗಂಟಲೊಳಗೆ ಹುಟ್ಟಿ ಅಲ್ಲೇ ಉಳಿದ ಒಂದು ಸದ್ದು. ದೊಡ್ಡಕ್ಕನಿಗೆ ಅಷ್ಟೇ ಸಾಕಾಯಿತು. ಆ ಸದ್ದಿಗಾಗಿ ಒಂದಿಡೀ ವರ್ಷ ನೆಲದ ಮೇಲೆ ಕೂತು ಕಾದ ಹೆಂಗಸು ಅವಳು.

ದೊಡ್ಡಕ್ಕ ಅನ್ನುವುದು ಆಶ್ರಯದಲ್ಲಿದ್ದವರು ಕರೆಯುವ ಹೆಸರು. ಅವಳ ಬಾಗಿಲ ಮೇಲಿನ ಹಲಗೆಯಲ್ಲಿ ಮಾನಸಿಕ ಆರೋಗ್ಯ ವಿಭಾಗದ ಮುಖ್ಯಸ್ಥೆ ಅಂತ ಬರೆದಿತ್ತು. ಅದನ್ನು ಓದುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಮನೆಯಿಲ್ಲದವರು ರಾತ್ರಿ ಕಳೆಯುವ ಮೂರು ಕಟ್ಟಡಗಳು ಅವಳ ಪಾಲಿಗೆ. ವಾರಕ್ಕೊಮ್ಮೆ ಬಂದು ಗಡಿಯಾರ ನೋಡುತ್ತಲೇ ಕೂರುವ ಒಬ್ಬ ಡಾಕ್ಟರು, ಒಬ್ಬ ನರ್ಸಮ್ಮ, ಆಪ್ತಸಮಾಲೋಚಕರು ಇಬ್ಬರು. ಇಷ್ಟೇ ಸೈನ್ಯ. ಈ ಸೈನ್ಯ ಕಟ್ಟಿಕೊಂಡು ಊರಿನ ಅಷ್ಟೂ ಸಂಕಟ ತಗ್ಗಿಸಿ ಅಂತ ಹೆಡ್ಡಾಫೀಸಿನವರು ಹೇಳುತ್ತಿದ್ದರು, ಫ್ಯಾನಿನ ಕೆಳಗೆ ಕೂತು, ಚಹಾ ಆರಿಸಿಕೊಳ್ಳುತ್ತಾ.

ಗಂಟಮ್ಮ ಆಶ್ರಯಕ್ಕೆ ಬಂದಾಗ ಎದೆಗೆ ಒಂದು ಬಟ್ಟೆಯ ಗಂಟು ಅವಚಿಕೊಂಡಿದ್ದಳು. ಉಣ್ಣುವಾಗ ಅದು ತೊಡೆಯ ಮೇಲೆ, ಮಲಗಿದರೆ ತೋಳಿನೊಳಗೆ, ಬಚ್ಚಲಿಗೆ ಹೋದರೆ ಅದೂ ಜೊತೆಗೆ. ಪಕ್ಕದ ಮಂಚದವರು ಮೊದಮೊದಲು ಚಿನ್ನ ಇರಬೇಕು ಅಂತ ಕಣ್ಣು ಹಾಕಿದರು, ಆಮೇಲೆ ಕಲ್ಲು ತುಂಬಿಕೊಂಡಿದ್ದಾಳೆ ಅಂತ ಗೇಲಿ ಮಾಡಿದರು, ಕೊನೆಗೆ ಬೇಜಾರಾಗಿ ಬಿಟ್ಟರು. ಅವಳು ಹಿಂದೆ ಏನಾಗಿದ್ದಳು, ಗಂಡ ಮಕ್ಕಳಿದ್ದರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಜೊತೆ ಜಗಳವಾಡುತ್ತಿದ್ದಳು, ಮನುಷ್ಯರ ಜೊತೆ ಮಾತೇ ಇಲ್ಲ. ದೊಡ್ಡಕ್ಕ ದಿನಾ ಬಂದು ಅವಳಿಂದ ಒಂದು ಮಾರು ದೂರದಲ್ಲಿ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕೈಕೆಳಗಿನವರಿಗೂ ಅವಳು ಕಲಿಸಿದ್ದು ಅದೇ. ಇವರನ್ನ ಪ್ರಶ್ನೆ ಕೇಳಿದವರೆಲ್ಲ ಒಂದೋ ಲಾಠಿ ಹಿಡಿದವರು, ಇಲ್ಲ ಕಾಗದ ಹಿಡಿದವರು. ನೀವು ಬಾಯಿ ಮುಚ್ಚಿಕೊಂಡು ಕೂರೋದು ಕಲಿಯಿರಿ. ಹಾಗೆ ಕೂತು ಕೂತು ಒಂದು ದಿನ ಗಂಟಮ್ಮನೇ ಬಾಯಿಬಿಟ್ಟಳು.

"ನಿನ್ನ ಚಪ್ಪಲಿ ಕಿತ್ತುಹೋಗಿದೆಯಲ್ಲ ತಂಗೀ, ಸಂಬಳ ಕೊಡಲ್ವಾ ಇವ್ರು?"

ಅಲ್ಲಿಂದ ಶುರು. ಮಾತ್ರೆ ನುಂಗಿದಳು. ನಿದ್ದೆ ಬಂತು. ಗೋಡೆಯ ಜೊತೆಗಿನ ಜಗಳ ಬರೀ ಗೊಣಗಾಟಕ್ಕೆ ಇಳಿಯಿತು. ಒಂದು ಬೆಳಿಗ್ಗೆ ನರ್ಸಮ್ಮನ ಬಾಚಣಿಗೆ ಕೇಳಿ ಪಡೆದು ತಲೆ ಬಾಚಿಕೊಂಡಳು.

ಅಷ್ಟರಲ್ಲಿ ಹಿಂದಿನ ಬೀದಿಯ ಕಟ್ಟಡದಲ್ಲಿ ಒಂದು ಕೋಣೆ ಖಾಲಿಯಾಯಿತು. ಎಲ್ಲರೂ ಸಾಲಾಗಿ ಮಲಗುವ ಆಶ್ರಯದ ಹಾಲಿನಂತಲ್ಲ ಅದು. ಒಬ್ಬರಿಗೆ ಒಂದು ಕೋಣೆ, ಇರುವಷ್ಟು ಕಾಲ ಅವರದೇ. ಅಂಥ ಕೋಣೆ ಖಾಲಿಯಾಯಿತು ಅಂದರೆ ಯಾರೋ ಸತ್ತರು ಅಂತಲೇ ಲೆಕ್ಕ. ದೊಡ್ಡಕ್ಕ ಹೆಡ್ಡಾಫೀಸಿನ ಸಾಹೇಬನ ಮುಂದೆ ಗಂಟಲು ಹರಿದುಕೊಂಡು ಅದನ್ನು ಗಂಟಮ್ಮನ ಹೆಸರಿಗೆ ಮಾಡಿಸಿದಳು. ಅಲ್ಲಿ ಬೇರೆ ಯಾರೂ ಮಲಗಲ್ವಾ ಅಂತ ಗಂಟಮ್ಮ ಮತ್ತೆ ಮತ್ತೆ ಕೇಳಿದಳು. ಯಾರೂ ಇಲ್ಲ, ನೀನೊಬ್ಬಳೇ ಅಂದಾಗ ಅವಳ ಮುಖದ ಮೇಲೆ ಬಂದ ನಗು ನೋಡಿ ನರ್ಸಮ್ಮ ಮೂಗು ಒರೆಸಿಕೊಳ್ಳುತ್ತಾ ಆಚೆ ಹೋದಳು.

ಅಡ್ಡಿ ಒಂದೇ. ಒಲೆ.

ಒಲೆ ಅಂದರೆ ಹಿಂಬದಿಯ ತಗಡಿನ ಕೋಣೆ. ತಿಗಣೆ ಸಾಯಿಸಲು ಚೀಲ, ಹಾಸಿಗೆ, ಬಟ್ಟೆಬರೆ ಎಲ್ಲ ಅದರೊಳಗಿಟ್ಟು ಅರ್ಧ ದಿನ ಬಿಸಿಗಾಳಿ ಬಿಡುತ್ತಾರೆ. ಒಲೆ ಕಾಣದ ಒಂದು ಚಿಂದಿಯೂ ಹಿಂದಿನ ಬೀದಿಯ ಕಟ್ಟಡದ ಮೆಟ್ಟಿಲು ಹತ್ತುವಂತಿಲ್ಲ. ತಿಗಣೆ ಏನು ಬಡವರ ವಿಳಾಸ ಕೇಳಿಕೊಂಡು ಬರುತ್ತದೆಯೇ? ಹೆಡ್ಡಾಫೀಸಿನ ಮೆತ್ತನೆ ಕುರ್ಚಿಗಳನ್ನು ಯಾರೂ ಒಲೆಗೆ ಹಾಕಿದ್ದು ಕಾಣೆ. ಅದಿರಲಿ. ಅದನ್ನು ನೋಡಿಕೊಳ್ಳುವವನು ಒಲೆಯಣ್ಣ. ಒಳಗಿಡುವ ಮೊದಲು ಪ್ರತಿ ಚೀಲ ಬಿಚ್ಚಿ, ಲೈಟರು, ಮೇಣದಬತ್ತಿ, ಔಷಧಿ, ಬಿಸಿಗೆ ಕೆಡುವಂಥದ್ದು ಏನಿದ್ದರೂ ಎತ್ತಿಡುವುದು ಅವನ ಪದ್ಧತಿ.

ಗಂಟನ್ನು ಒಲೆಗೆ ಇಡಲು ಗಂಟಮ್ಮ ಹೂಂ ಅಂದಿದ್ದು ಒಂದೇ ಷರತ್ತಿನ ಮೇಲೆ. "ಯಾರೂ ಬಿಚ್ಚಬಾರದು. ನೀನೂ ಬಿಚ್ಚಬಾರದು, ತಂಗೀ."

ದೊಡ್ಡಕ್ಕ ಅವಳ ಕೈ ಹಿಡಿದು ಮಾತು ಕೊಟ್ಟಳು.

ಒಲೆಯಣ್ಣ ಸುಲಭಕ್ಕೆ ಒಪ್ಪಲಿಲ್ಲ. ಒಳಗೆ ಲೈಟರಿದ್ದರೆ ನಾನೂ ಒಲೆಯೂ ಒಟ್ಟಿಗೇ ಮೇಲಕ್ಕೆ ಹೋಗ್ತೀವಿ, ಅಲ್ಲೂ ತಿಗಣೆ ಕಾಯೋ ಕೆಲಸವೇ ಕೊಡ್ತಾರೋ ಏನೋ ಅಂದ. ದೊಡ್ಡಕ್ಕ ಗಂಟನ್ನು ಹೊರಗಿನಿಂದಲೇ ಒತ್ತಿ ಒತ್ತಿ ನೋಡಿದಳು. ಮೆತ್ತನೆ ಬಟ್ಟೆ, ನಡುವೆ ಬೆರಳಿನಂಥ ಕಡ್ಡಿಗಳು. ಪೆನ್ಸಿಲ್ಲಿರಬೇಕು ಅಂದುಕೊಂಡಳು. ಕಬ್ಬಿಣ ತಗಡು ಯಾವುದೂ ಕೈಗೆ ತಾಗಲಿಲ್ಲ. ಕರಗುವಂಥದ್ದು ಏನಾದರೂ ಇದೆಯಾ ಅಂತ ಗಂಟಮ್ಮನನ್ನು ಕೇಳಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಕೇಳಿದ ಕೂಡಲೇ ಆ ಹೂಂ ಊಹೂಂ ಆಗಿಬಿಟ್ಟರೆ? ಕೇಳಬಾರದು ಅಂತ ಎಲ್ಲರಿಗೂ ಪಾಠ ಹೇಳಿದವಳು ತಾನೇ ಹೇಗೆ ಕೇಳುವುದು? ನುಂಗಿಕೊಂಡಳು. ಜವಾಬ್ದಾರಿ ನಂದು, ಇಡಣ್ಣ ಅಂದಳು.

ಮಧ್ಯಾಹ್ನ ಒಲೆಯಣ್ಣ ಓಡಿಬಂದ. ಬೆಂಕಿ ಬಿದ್ದರೂ ಓಡುವ ಆಸಾಮಿಯಲ್ಲ ಅವನು. ಏನೂ ಹೇಳದೆ ಬನ್ನಿ ಅಂತ ಕೈಸನ್ನೆ ಮಾಡಿ ಕರೆದುಕೊಂಡು ಹೋದ. ಗಂಟಿನ ತಳದಿಂದ ಕೆಂಪು, ನೀಲಿ, ಹಸಿರು ಸೋರಿ ತಗಡಿನ ಮೇಲೆ ಹರಡಿಕೊಂಡಿತ್ತು. ಇನ್ನು ಬಿಚ್ಚದೆ ಬೇರೆ ದಾರಿ ಇರಲಿಲ್ಲ.

ಒಳಗೆ ಪುಟ್ಟ ಅಂಗಿಗಳು, ಇನ್ನೂ ಶಾಲೆಗೆ ಹೋಗದ ಮಗುವಿಗೆ ಆಗುವಂಥವು. ಅವುಗಳ ಮಡಿಕೆಯಲ್ಲಿ ಸುತ್ತಿಟ್ಟಿದ್ದು ಮೇಣದ ಬಣ್ಣದ ಕಡ್ಡಿಗಳು, ಮಕ್ಕಳು ಮನೆಯ ಗೋಡೆಯನ್ನೆಲ್ಲ ಗೀಚಿ ಹಾಳುಮಾಡುವಂಥವು. ಈಗ ಅವು ಕಡ್ಡಿಗಳಾಗಿ ಉಳಿದಿರಲಿಲ್ಲ. ಅಂಗಿಗಳೊಳಗೆ ಇಂಗಿ, ಒಂದಕ್ಕೊಂದು ಬೆರೆತು, ಕೊನೆಗೆ ಕೆಸರಿನ ಬಣ್ಣಕ್ಕೆ ತಿರುಗಿದ್ದವು. ಅಂಚಿನಲ್ಲಿದ್ದ ಒಂದು ಕಂದು ತುಂಡು ಮಾತ್ರ ಹೇಗೋ ಅರ್ಧ ಉಳಿದಿತ್ತು. ಅದರ ತುದಿಯಲ್ಲಿ ಹಲ್ಲಿನ ಗುರುತು.

ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಗಂಟಮ್ಮ ಇಷ್ಟು ವರ್ಷ ಬೀದಿ ಬೀದಿಯಲ್ಲಿ ಕಾಯ್ದುಕೊಂಡು ಬಂದಿದ್ದು ಬಣ್ಣವನ್ನಲ್ಲ. ಮಗುವಿನ ಹಲ್ಲನ್ನು.

ಒಲೆಯಣ್ಣ ಗೋಡೆಗೆ ಒರಗಿ ಕೂತುಬಿಟ್ಟ. ದೊಡ್ಡಕ್ಕನ ಮುಖ ನೋಡದೆ ಹೇಳಿದ. ಅಂಗಡಿಯಲ್ಲಿ ಇಂಥವೇ ಸಿಗ್ತಾವೆ, ನಿಮ್ಮ ಮನೇಲಿ ಚಿಕ್ಕ ಮಗಳಿದ್ದಾಳೆ, ಕಚ್ಚಿಸಿಕೊಂಡು ಬನ್ನಿ, ನಾನು ಸತ್ತರೂ ಬಾಯಿಬಿಡಲ್ಲ. ದೊಡ್ಡಕ್ಕ ಅವನ ಮೇಲೆ ಹರಿಹಾಯ್ದಳು. ಆಮೇಲೆ ಹಾಲಿಗೆ ಹೋಗಿ, ಗಂಟು ಇನ್ನೂ ಬಿಸಿ ಇದೆ, ಆರಬೇಕು, ನಾಳೆ ಬೆಳಿಗ್ಗೆ ಕೊಡ್ತೀನಿ ಅಂತ ಗಂಟಮ್ಮನಿಗೆ ಹೇಳಿದಳು. ಗಂಟಮ್ಮ ಒಂಚೂರೂ ಅನುಮಾನ ಪಡಲಿಲ್ಲ. ನಿಧಾನಕ್ಕೆ ಆರಲಿ ಬಿಡು, ಅವಸರಕ್ಕೆ ಮುಟ್ಟಿ ನೀನು ಕೈ ಸುಟ್ಕೋಬೇಡ ಅಂದಳು.

ಮನೆಗೆ ಹೋಗುವ ದಾರಿಯಲ್ಲಿ ದೊಡ್ಡಕ್ಕ ಬಣ್ಣದ ಡಬ್ಬಿ ಕೊಂಡಳು.

ಮಗಳಿಗೆ ಕಚ್ಚು ಅಂತ ಹೇಳುವ ಕೆಲಸವೇ ಬೀಳಲಿಲ್ಲ. ಡಬ್ಬಿ ಕೈಗೆ ಬಂದದ್ದೇ ಕೆಂಪು ಕಡ್ಡಿ ಬಾಯಿಗೆ ಹೋಯಿತು. ಬಸ್ಸು ಓಡಿಸಿ ಸುಸ್ತಾಗಿ ಬಂದಿದ್ದ ಗಂಡ, ವಿಷ ತಿನ್ನುತ್ತಿದ್ದರೂ ನೋಡ್ತಾ ನಿಂತಿದ್ದೀಯಲ್ಲ ಅಂತ ಗದರಿದ. ದೊಡ್ಡಕ್ಕ ಎಲ್ಲ ಹೇಳಿದಳು. ಅವನು ಬಹಳ ಹೊತ್ತು ಕಾಲಿನ ಬೆರಳು ನೀವಿಕೊಳ್ಳುತ್ತಾ ಕೂತ. ಅವಳಿಗೆ ಗೊತ್ತಾಗಲ್ಲ ಬಿಡು, ಒಂದು ಸುಳ್ಳಿನಿಂದ ತಲೆ ಮೇಲೊಂದು ಸೂರು ಬರೋದಾದ್ರೆ ಬರಲಿ ಅಂದ. ದೊಡ್ಡಕ್ಕ ಮಗಳ ಬಾಯಿಂದ ಕಡ್ಡಿ ಎಳೆದು ದೀಪದ ಹತ್ತಿರ ಹಿಡಿದಳು. ಮುಂದಿನ ಎರಡು ಹಲ್ಲಿನ ನಡುವಿನ ಸಂದು ಮೇಣದಲ್ಲಿ ಅಚ್ಚೊತ್ತಿದಂತೆ ಮೂಡಿತ್ತು. ಲೋಕದ ಯಾವ ಮಗುವಿನ ಕಡ್ಡಿಯ ಜೊತೆ ಬೆರೆಸಿಟ್ಟರೂ ಇದನ್ನು ಅವಳು ಕತ್ತಲೆಯಲ್ಲಿ ಬೆರಳಿನಿಂದಲೇ ಆರಿಸಿ ತೆಗೆಯಬಲ್ಲಳು. ಗಂಟಮ್ಮನಿಗೆ ಗೊತ್ತಾಗಲ್ಲ ಅನ್ನಲು ತಾನು ಯಾರು? ಮಗಳು ಕಡ್ಡಿ ಬೇಕು ಅಂತ ಬೊಬ್ಬೆ ಹೊಡೆಯುತ್ತಿದ್ದಳು. ದೊಡ್ಡಕ್ಕ ಡಬ್ಬಿ ಅವಳಿಗೇ ಕೊಟ್ಟು ಎದ್ದು ಹೋದಳು.

ಬೆಳಿಗ್ಗೆ ಹಾಲಿನಲ್ಲಿ ಮಲಗುವವರೆಲ್ಲ ತಿಂಡಿಗೆ ಹೋಗಿದ್ದಾಗ ಅವಳು ಗಂಟನ್ನು ಬಿಚ್ಚಿದ ಹಾಗೇ ತಂದು ಗಂಟಮ್ಮನ ಮುಂದಿಟ್ಟಳು. ಸುತ್ತಿ ಬಳಸಲಿಲ್ಲ. ನಿನ್ನೆ ಆರಬೇಕು ಅಂದಿದ್ದು ಸುಳ್ಳು ಅಂತಲೂ ಹೇಳಿದಳು.

ಗಂಟಮ್ಮ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು, ಕಿರುಚುವವರನ್ನು ಹೇಗೆ ಸಮಾಧಾನ ಮಾಡುವುದು ಅಂತ ದೊಡ್ಡಕ್ಕನಿಗೆ ಗೊತ್ತಿತ್ತು. ಅವಳು ಅಂಗಿಗಳನ್ನು ಒಂದೊಂದಾಗಿ ಬಿಡಿಸಿ, ಗಟ್ಟಿಯಾದ ಮೇಣದ ಮೇಲೆ ಹೆಬ್ಬೆರಳು ಆಡಿಸುತ್ತಾ ಹೋದಳು. ಹುಡುಕುತ್ತಿದ್ದಳು. ನೋಡಲಾಗದೆ ದೊಡ್ಡಕ್ಕ ಆ ಕಂದು ತುಂಡನ್ನು ಮುಂದೆ ಹಿಡಿದಳು.

"ಇದೊಂದು ಉಳಿದಿದೆ ಅಕ್ಕ."

ಗಂಟಮ್ಮ ಅದನ್ನು ತೆಗೆದುಕೊಂಡು ಒಮ್ಮೆ ನೋಡಿ ಕೆಳಗಿಟ್ಟಳು.

"ಇದು ಅವನು ಕಚ್ಚಿದ್ದಲ್ಲ. ನಾನು ಕಚ್ಚಿದ್ದು. ಥೂ ಕಹಿ, ಬಾಯಿಗೆ ಹಾಕ್ಬೇಡ ಮರಿ ಅಂತ ತೋರಿಸೋಕೆ. ನನ್ನ ಮುಖ ನೋಡಿ ಬಿದ್ದು ಬಿದ್ದು ನಕ್ಕ." ಅಂಗಿಯೊಂದನ್ನು ತೊಡೆಯ ಮೇಲೆ ಹರಡಿಕೊಂಡಳು. "ಒಲೆಗೆ ಹಾಕೋ ಮುಂಚೆ ನೀನು ಬಿಚ್ಚಿ ನೋಡ್ಲಿಲ್ವಾ?"

"ಮಾತು ಕೊಟ್ಟಿದ್ದೆನಲ್ಲ ಅಕ್ಕ."

"ಕೊಟ್ರೆ? ನೋಡ್ಬೇಕಿತ್ತು ನೀನು. ನಾನು ಹುಚ್ಚಿ, ಏನೋ ಅಂದೆ. ನೀನು ಹುಚ್ಚಿ ಅಲ್ವಲ್ಲ."

ಇಷ್ಟು ವರ್ಷದಲ್ಲಿ ದೊಡ್ಡಕ್ಕ ಓದಿದ್ದು, ಕಲಿಸಿದ್ದು, ಸಭೆಗಳಲ್ಲಿ ಎದೆ ತಟ್ಟಿ ಹೇಳಿದ್ದು, ಎಲ್ಲ ಆ ಒಂದು ಮಾತಿನ ಮುಂದೆ ಪುಡಿಯಾಗಿ ಬಿದ್ದಿತ್ತು.

ಅದೇ ದಿನ ಗಂಟಮ್ಮ ಹೊರಟುಹೋದಳು. ಅಂಗಿಗಳನ್ನೂ ಮಂಚದ ಮೇಲೆಯೇ ಬಿಟ್ಟಿದ್ದಳು. ಬಾಗಿಲು ಕಾಯುವವನು ಅವಳನ್ನು ತಡೆಯಲಿಲ್ಲ, ಯಾಕೆಂದರೆ ಗುರುತೇ ಹಿಡಿಯಲಿಲ್ಲ. ಗಂಟಿಲ್ಲದ ಗಂಟಮ್ಮನನ್ನು ಅವನು ಯಾವತ್ತೂ ನೋಡಿರಲಿಲ್ಲ. ಕೈ ಎಲ್ಲಿಡಬೇಕು ಅಂತ ಗೊತ್ತಿಲ್ಲದವರ ಹಾಗೆ ನಡೆದುಹೋದಳು ಅಕ್ಕ, ಯಾರೋ ಹೊಸಬರು ಅಂದ್ಕೊಂಡೆ ಅಂತ ಆಮೇಲೆ ತಲೆ ತಲೆ ಚಚ್ಚಿಕೊಂಡ.

ದೊಡ್ಡಕ್ಕ ಹುಡುಕಿದಳು. ಮೇಲ್ಸೇತುವೆಯ ಕೆಳಗೆ, ಆಸ್ಪತ್ರೆಯ ಹಿಂಬಾಗಿಲಲ್ಲಿ, ಅಂಗಡಿಗಳು ಬಾಗಿಲೆಳೆದ ಮೇಲೆ ಜಗಲಿಗಳ ಮೇಲೆ. ಕೊನೆಗೆ ಸಿಕ್ಕಿದ್ದು ಬಸ್‌ ನಿಲ್ದಾಣದಲ್ಲಿ, ಕಂಬದ ಜೊತೆ ಜಗಳವಾಡುತ್ತಾ. ದೊಡ್ಡಕ್ಕ ಹಳೆಯ ಹಾಗೆಯೇ ಒಂದು ಮಾರು ದೂರದಲ್ಲಿ ಕೂತಳು. ಗಂಟಮ್ಮ ಎದ್ದು ಇನ್ನೊಂದು ಕಂಬದ ಹತ್ತಿರ ಹೋದಳು. ಮಾರನೆಯ ದಿನವೂ ಅಷ್ಟೇ. ಅದರ ಮಾರನೆಯ ದಿನ, ಯಾಕೆ ಬರ್ತೀರಾ ಮೇಡಂ, ನಿಮಗೆ ಮನೆ ಇಲ್ವಾ ಅಂತ ಕೇಳಿದಳು. ಬೈಗುಳವಲ್ಲ; ಗುರುತಿಲ್ಲದವರನ್ನು ವಿಚಾರಿಸುವ ದನಿ.

ಇತ್ತ ಸಾಹೇಬ ಕರೆದು ಕೂರಿಸಿ ಬುದ್ಧಿ ಹೇಳಿದ. ಪದ್ಧತಿ ಮುರಿದದ್ದು ತಪ್ಪು ಅಂದ, ಅದು ಸರಿ, ದೊಡ್ಡಕ್ಕ ತಲೆಯಾಡಿಸಿದಳು. ಆಮೇಲೆ, ಒಂದು ಹಳೇ ಬಣ್ಣದ ಕಡ್ಡಿಗೆ ಇಷ್ಟೆಲ್ಲಾನಾ ಅಂದ. ಅವನ ಮೇಜಿನ ಮೇಲೆ ಗಾಜಿನ ಚೌಕಟ್ಟಿನಲ್ಲಿ ಅವನ ಇಬ್ಬರು ಮಕ್ಕಳು ನಗುತ್ತಿದ್ದರು. ಆ ಗಾಜನ್ನು ಎತ್ತಿ ನೆಲಕ್ಕೆ ಕುಕ್ಕಬೇಕು ಅನ್ನಿಸಿತು ಅವಳಿಗೆ. ಕುಕ್ಕಲಿಲ್ಲ. ಅಲ್ಲೇ ಕೂತು, ಕೋಣೆಯನ್ನು ಇನ್ನೊಂದಷ್ಟು ದಿನ ಹಾಗೇ ಇಡಿ ಅಂತ ಬೇಡಿಕೊಂಡಳು. ಇಟ್ಟರು. ಚಳಿ ಶುರುವಾಯಿತು. ಹಾಲಿನಲ್ಲಿ ಮಂಚ ಸಾಲದೆ ಜನ ನೆಲದ ಮೇಲೆ ಮಗ್ಗುಲು ಬದಲಿಸಲೂ ಜಾಗವಿಲ್ಲದೆ ಮಲಗತೊಡಗಿದರು. ಖಾಲಿ ಕೋಣೆಗೆ ಬೀಗ ಹಾಕಿಟ್ಟು ಇವರ ಮುಖ ನೋಡುವುದು ಅವಳಿಗೇ ಆಗದೆ ಹೋಯಿತು. ಅವಳೇ ಹೋಗಿ ಕೊಟ್ಟುಬಿಡಿ ಅಂದಳು.

ಕೋಣೆ ಟೈಲರಣ್ಣನಿಗೆ ಬಂತು. ಕೈ ನಡುಕ ಬಂದು ಹೊಲಿಗೆ ಬಿಟ್ಟವನು, ಯಾರದೋ ಕಟ್ಟಡದ ಮೆಟ್ಟಿಲ ಕೆಳಗೆ ವರ್ಷಗಟ್ಟಲೆ ಮುದುಡಿ ಮಲಗಿ ನೆಟ್ಟಗೆ ಕಾಲು ಚಾಚುವುದನ್ನೇ ಮರೆತವನು. ಬೀಗದ ಕೈ ಕೊಡಲು ದೊಡ್ಡಕ್ಕನೇ ಹೋದಳು; ಅದು ಅವಳ ಕೆಲಸ. ಟೈಲರಣ್ಣ ಗೋಡೆ ಸವರಿದ. ಮಂಚದ ಮೇಲೆ ಕೂತ, ಎದ್ದ, ಮತ್ತೆ ಕೂತ. ಕಿಟಕಿಯನ್ನು ನಡುಗುವ ಗೇಣಿನಲ್ಲಿ ಅಳೆದು, ಪರದೆಗೆ ಬಟ್ಟೆ ಜಾಸ್ತಿ ಬೇಕಾಗಲ್ಲ, ಕಿಟಕಿ ಹಾಕಿಸಿದವನು ಜಿಪುಣ ಅಂದ. ಆಮೇಲೆ ಅವಳ ಮುಖ ನೋಡಿದ.

"ನಿಮಗೆ ಖುಷಿಯಾಗ್ಲಿಲ್ವಾ ಅಕ್ಕ?"

"ಆಗದೆ ಏನು? ಆಗಿದೆ ಟೈಲರಣ್ಣ."

ಅವನು ಮದುಮಗನ ಹಾಗೆ ನಾಚಿಕೊಂಡು, ಒಂದು ಗಳಿಗೆ ಆಚೆ ನಿಲ್ಲುತ್ತೀರಾ, ಒಳಗಿಂದ ಚಿಲಕ ಹಾಕಿ ನೋಡಬೇಕು ಅಂದ. ಅವಳು ಕೋಣೆಯಾಚೆಯ ಓಣಿಯಂಥ ಹಾದಿಗೆ ಬಂದು ನಿಂತಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ತೆಗೆದ, ಮತ್ತೆ ಹಾಕಿದ. ಒಳಗೆ ಒಬ್ಬನೇ ನಗುತ್ತಿರುವುದು ಕೇಳಿಸಿತು, ಆಮೇಲೆ ಅಳುವುದು, ಆಮೇಲೆ ಏನೂ ಇಲ್ಲ. ಅವನು ಬಾಗಿಲು ತೆಗೆಯಲಿಲ್ಲ, ಅವಳು ತಟ್ಟಲೂ ಇಲ್ಲ. ಅವನ ಬಾಗಿಲು, ಅವನ ದಿನ. ತನ್ನ ಅಳು ಒಳಗೆ ಕೇಳಿಸದ ಹಾಗೆ ಬಾಯಿಗೆ ಕೈ ಒತ್ತಿ ಹಿಡಿದುಕೊಂಡು ದೊಡ್ಡಕ್ಕ ಅಲ್ಲೇ ಗೋಡೆಗೆ ತಲೆ ಆನಿಸಿ ನಿಂತಿದ್ದಳು.