ನಾಲ್ಕು ಗೆರೆಯ ಚೀಟಿ

ಅಯಸ್ಕಾಂತಕ್ಕೆ ದಾರ ಕಟ್ಟಿ, ನೆಲದ ಮೇಲೆ ಎಳೆಯುತ್ತಾ ಗುಂಡುಪಿನ್ನು ಹೆಕ್ಕುವುದು ನಮ್ಮ ಹೊಲಿಗೆ ಅಂಗಡಿಯಲ್ಲಿ ನನ್ನ ಬೆಳಗಿನ ಮೊದಲ ಕೆಲಸ. ಆಗ ಯಾರೂ ಮಾತಾಡುವುದಿಲ್ಲ. ಅಪ್ಪ ತುಟಿಗಳ ನಡುವೆ ಆರೇಳು ಪಿನ್ನು ಕಚ್ಚಿಕೊಂಡು ಬಟ್ಟೆ ಹಾಸುತ್ತಿರುತ್ತಾರೆ. ಬಾಯಿ ಬಿಟ್ಟರೆ ಪಿನ್ನು ಉದುರುತ್ತದೆ, ನನಗೆ ಇನ್ನೊಂದು ಸುತ್ತು ಕೆಲಸ. ನನಗಂತೂ ಮಾತಿಲ್ಲದ ಹೊತ್ತೇ ಇಷ್ಟ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟಾಗ ನನಗಾದ ದೊಡ್ಡ ಸಮಾಧಾನವೆಂದರೆ, ಇನ್ನು ಎದ್ದು ನಿಂತು ಉತ್ತರ ಹೇಳಬೇಕಾಗಿಲ್ಲ ಎನ್ನುವುದು.

ನಮ್ಮ ಅಳತೆ ಚೀಟಿಗೊಂದು ಪದ್ಧತಿಯಿದೆ. ನಾಲ್ಕು ಅಡ್ಡ ಗೆರೆ. ಮೇಲಿನಿಂದ ತೋಳು, ಕತ್ತು, ಭುಜ, ಉದ್ದ. ಅಕ್ಷರ ಒಂದೂ ಇರುವುದಿಲ್ಲ, ಬರೀ ಅಂಕಿ. ಬರೆಯುವವನು ಅಣ್ಣ, ಕತ್ತರಿಸುವವರು ಅಪ್ಪ. "ಚೀಟಿ ಹೇಳಿದ್ದನ್ನ ಕತ್ತರಿ ಕೇಳ್ಬೇಕು, ಎದುರು ಪ್ರಶ್ನೆ ಹಾಕ್ಬಾರದು" ಎನ್ನುವುದು ಅಪ್ಪನ ಕಾನೂನು.

ಅಣ್ಣನಿಗೊಂದು ಬ್ಯಾಂಡ್ ಇದೆ. ಅವನದು ಗಿಟಾರ್, ಅವನ ಗೆಳೆಯ ಡಬ್ಬನದು ಡ್ರಮ್ಸ್. ಬೇಸ್ ಗಿಟಾರ್ ನುಡಿಸುತ್ತಿದ್ದವನು ಅಣ್ಣನ ಜೊತೆ ಜಗಳವಾಡಿ ಹೋದ. ಗಿಟಾರ್ ಮಾತ್ರ ನಮ್ಮ ಅಂಗಡಿಯ ಮೂಲೆಯಲ್ಲಿ ಉಳಿಯಿತು. ಆ ಮನುಷ್ಯನನ್ನು ನಾನು ಬಹಳ ದಿನ ಗಮನಿಸಿದ್ದೆ. ಹಿಂದೆ ನಿಲ್ಲುತ್ತಿದ್ದ. ಯಾರೂ ಅವನನ್ನು ನೋಡುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಆದರೆ ಅವನು ನಿಲ್ಲಿಸಿದರೆ ಹಾಡಿನ ಕೆಳಗಿನ ನೆಲವೇ ಸರಿದಂತಾಗುತ್ತಿತ್ತು. ಇಷ್ಟು ಹೇಳಿ ಮಾಡಿಸಿದ ಕೆಲಸ ನನಗೆ ಬೇರೆಲ್ಲಿ ಸಿಕ್ಕೀತು?

ನಾಲ್ಕು ದಿನ ಧೈರ್ಯ ಕೂಡಿಸಿ, ಗುಂಡಿ ಡಬ್ಬಿಯ ಕಡೆ ಮುಖ ಮಾಡಿ ಕೇಳಿದೆ: "ಅಣ್ಣಾ, ಬೇಸ್ ನಾನು ಕಲೀಲಾ?"

"ಯಾರು, ನೀನಾ? ಗಿರಾಕಿ ಬಂದ್ರೆ ಪರದೆ ಹಿಂದೆ ಓಡೋಳು!"

"ಬೇಸ್‌ನೋರು ಹಿಂದೆ ತಾನೇ ನಿಲ್ಲೋದು?"

ಅಣ್ಣ ನಕ್ಕ. "ಸರಿ. ಶನಿವಾರ ಡ್ಯಾನ್ಸ್ ಶಾಲೆ ಕಾರ್ಯಕ್ರಮ. ಶುಕ್ರವಾರ ಬೆಳಗ್ಗೆ ತಾಲೀಮಲ್ಲಿ ಸರಿಯಾಗಿ ನುಡಿಸಿದ್ರೆ ನೀನೇ. ಇಲ್ಲಾಂದ್ರೆ ಬೇಸ್ ನುಡಿಸೋ ಮೊಬೈಲ್ ಅಂಗಡಿಯವನನ್ನ ಕರೀತೀನಿ, ಆಮೇಲೆ ಮುಖ ಊದಿಸ್ಕೋಬಾರದು."

ಟ್ಯಾಬ್, ಅಂದರೆ ಗಿಟಾರಿಗೆ ಅಂಕಿಯಲ್ಲಿ ಬರೆದ ಪಾಠ, ಅದನ್ನು ಓದುವುದನ್ನು ನಿಂತಲ್ಲೇ ಹೇಳಿಕೊಟ್ಟ. ನಾಲ್ಕು ಗೆರೆ ಎಂದರೆ ನಾಲ್ಕು ತಂತಿ. ಎಲ್ಲಕ್ಕಿಂತ ಕೆಳಗಿನ ಗೆರೆ ದಪ್ಪ ತಂತಿ. ಅಂಕಿ ಎಂದರೆ ಗಿಟಾರಿನ ಕತ್ತಿನ ಮೇಲೆ ಎಷ್ಟನೇ ಮನೆಯಲ್ಲಿ ಒತ್ತಬೇಕೆಂದು. ಸೊನ್ನೆಯಿದ್ದರೆ ಒತ್ತದೆ ಮೀಟಬೇಕು. "ಸುಲಭದ್ದೇ ಬರೆದು ಮೊಳೆಗೆ ಸಿಕ್ಕಿಸಿದ್ದೀನಿ, ತಗೋ" ಎಂದ. ನಮ್ಮ ಚೀಟಿಯಲ್ಲಿ ನಾಲ್ಕು ಗೆರೆ ಮೊದಲೇ ಇರುವುದರಿಂದ ಅದರಲ್ಲೇ ಬರೆದಿದ್ದ. ಮೊಳೆಯಲ್ಲಿ ಎರಡು ಚೀಟಿಗಳಿದ್ದವು, ಎರಡೂ ಅಣ್ಣನ ಕೈಬರಹ. ನಾನು ಮೇಲಿನದನ್ನು ತೆಗೆದುಕೊಂಡೆ.

ಬಟ್ಟೆ ಥಾನುಗಳ ನಡುವೆ ಕೂತು ಮೊದಲ ಸಾಲು ನೋಡಿದೆ. ಮೇಲಿನಿಂದ ನಾಲ್ಕು, ಐದು, ಒಂಬತ್ತು, ಹದಿನೆಂಟು. ಅಂಥವು ಐದು ಸಾಲು. ಒಂದರ ಕೆಳಗೊಂದು ನಾಲ್ಕು ಅಂಕಿ ಬಂದರೆ ಏನು ಮಾಡಬೇಕೆಂದು ಅಣ್ಣ ಹೇಳಿರಲಿಲ್ಲ. ಕೇಳಲು ನಾಚಿಕೆ. ಒಂದಾದ ಮೇಲೊಂದು ನುಡಿಸುವುದೆಂದು ನಾನೇ ತೀರ್ಮಾನಿಸಿದೆ. ನಾಲ್ಕನೇ ಮನೆಯಿಂದ ಹದಿನೆಂಟನೇ ಮನೆಗೆ ನನ್ನ ಎಡಗೈ ಬಾಲ ಕಳೆದುಕೊಂಡ ಹಲ್ಲಿಯಂತೆ ಓಡುತ್ತಿತ್ತು. ಕೊನೆಯ ಸಾಲಿನಲ್ಲಿ ಇಪ್ಪತ್ತು! ಆ ಗಿಟಾರಿಗಿದ್ದದ್ದೇ ಇಪ್ಪತ್ತು ಮನೆ. ಅಲ್ಲಿ ದಪ್ಪ ತಂತಿ ಒತ್ತಿದರೆ ಬಾಗಿಲ ಸಂದಿಗೆ ಸಿಕ್ಕಿದ ಕಪ್ಪೆಯ ಸದ್ದು. ಇದು ಸುಲಭದ್ದಾದರೆ ಕಷ್ಟದ್ದು ಹೇಗಿರುತ್ತದೋ ಎಂದು ಬೆವರಿದೆ. ಆದರೂ ಬೆರಳಿಗೆ ಬೊಬ್ಬೆ ಬರುವ ತನಕ ಬಿಡಲಿಲ್ಲ. ನಾಲ್ಕನೇ ದಿನ ಒಂದೂ ತಪ್ಪದೆ ಬಂತು.

ಶುಕ್ರವಾರ ಡ್ಯಾನ್ಸ್ ಶಾಲೆಯ ಹಾಲ್‌ನಲ್ಲಿ ಟೀಚರ್ ಮತ್ತು ಐದು ಪುಟಾಣಿ ಹುಡುಗಿಯರು ಅಪ್ಪ ಹೊಲಿದು ತರಬೇಕಿದ್ದ ಹೊಸ ಫ್ರಾಕಿಗಾಗಿ ಕಾಯುತ್ತಿದ್ದರು. ಅಪ್ಪ ಇನ್ನೂ ಬಂದಿರಲಿಲ್ಲ. ಅಣ್ಣ ವೈರ್ ಸಿಕ್ಕಿಸಿ ತಲೆಯಾಡಿಸಿದ. ನಾನು ಕಣ್ಣು ಮುಚ್ಚಿ ಶುರು ಮಾಡಿದೆ.

ಡಬ್ಬ ಮೂರು ಏಟು ಹೊಡೆದು ಕೈ ಎತ್ತಿಬಿಟ್ಟ. "ತಾಯೀ, ಹಾಡಿಗೆ ನುಡಿಸ್ತಿದ್ದೀಯೋ, ಕೋಳಿ ಅಟ್ಟಿಸ್ಕೊಂಡು ಹೋಗ್ತಿದ್ದೀಯೋ?"

"ನಾನು ಬರ್ಕೊಟ್ಟಿದ್ದು ಇದಲ್ಲ! ಎಲ್ಲಿ, ಚೀಟಿ ತೋರ್ಸು" ಎಂದ ಅಣ್ಣ.

ಚೀಟಿ ನೋಡಿದವನೇ ಗಾಬರಿಯಿಂದ ಬಾಗಿಲ ಕಡೆ ತಿರುಗಿದ. ಅಷ್ಟರಲ್ಲಿ ಅಪ್ಪ ಚೀಲ ಹಿಡಿದು ಬಂದು, ಮೇಜಿನ ಮೇಲೆ ಕೆಂಪು ಸ್ಯಾಟಿನ್ನಿನ ನಾಲ್ಕು ಸುರುಳಿಗಳನ್ನು ಗಂಭೀರವಾಗಿ ಜೋಡಿಸಿದರು. ಎರಡು ಮೂರಿಂಚಿನವು, ಎರಡು ಐದಿಂಚಿನವು.

ಟೀಚರ್ ಒಂದನ್ನೆತ್ತಿ ಬೆಳಕಿಗೆ ಹಿಡಿದರು. "ಮಾಸ್ಟ್ರೇ, ಇದು ನನ್ನ ಮಕ್ಕಳಿಗಾ, ನಿಮ್ಮ ಅಂಗಡಿ ಇಲಿಗಳಿಗಾ?"

"ತೋಳಿಲ್ಲ, ಕತ್ತಿಲ್ಲ, ಭುಜ ಇಲ್ಲ. ಉದ್ದ ಮೂರು, ಮೂರು, ಐದು, ಐದು. ಚೀಟೀಲಿ ಇದ್ದದ್ದೇ ಅದಮ್ಮ. ಈಗಿನ ಫ್ಯಾಷನ್ ಇರ್ಬೇಕು ಅಂದ್ಕೊಂಡೆ."

"ನಂದೆಲ್ಲಿ ತಾತ?" ಎಂದಳು ಐದನೆಯ ಹುಡುಗಿ.

"ನಿಂಗೆ ಸೊನ್ನೆ ಇತ್ತು ಕಂದ. ಹೊಲೀಲಿಲ್ಲ."

ಅವಳ ತುಟಿ ನಡುಗತೊಡಗಿತು. ಅಳು ತಡೆಯಲು ನನಗೆ ತೋಚಿದ್ದು ಒಂದೇ. "ನಿನ್ನ ಫ್ರಾಕು ಇಲ್ಲಿದೆ ನೋಡು" ಎಂದು ಅವಳ ಸಾಲನ್ನು ನುಡಿಸಿದೆ. ಇಪ್ಪತ್ತನೇ ಮನೆಯ ಕಪ್ಪೆ ಕೂಗಿದ ಕೂಡಲೇ ಅವಳು ಎಗರಿದಳು. ಉಳಿದವರೂ "ನಂದು, ನಂದು" ಎಂದು ಸಾಲಾಗಿ ನಿಂತರು. ನಾನು ಒಬ್ಬೊಬ್ಬಳ ತೋಳು, ಕತ್ತು, ಭುಜ, ಉದ್ದ ನುಡಿಸಿದೆ. ತಮ್ಮ ಉದ್ದ ಬಂದಾಗ ಒಬ್ಬೊಬ್ಬಳೂ ಕುಪ್ಪಳಿಸಿದಳು. ಐದನೆಯವಳು ಎರಡು ಸಲ. ಡಬ್ಬ ಸುಮ್ಮನಿರಲಾರದೆ ಡ್ರಮ್ಸ್ ಕೋಲು ಎತ್ತಿಕೊಂಡ. ಇಷ್ಟು ಜನರ ಎದುರು ನಾನು ಮಾತಾಡಿದ್ದೆ ಎಂಬುದು ಹೊಳೆದದ್ದು ಆಮೇಲೆ.

ಅಣ್ಣ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. "ಮೊದಲು ಫ್ರಾಕು" ಎಂದ.

ಮಧ್ಯಾಹ್ನ ಎಲ್ಲರೂ ನಮ್ಮ ಅಂಗಡಿಯಲ್ಲಿದ್ದರು. ಅಪ್ಪ ಸರಿಯಾದ ಚೀಟಿ ಎದುರಿಗಿಟ್ಟುಕೊಂಡು ಕತ್ತರಿಸಿದರು. ಅಣ್ಣ, ಡಬ್ಬ, ಟೀಚರ್ ಮೂವರೂ ಮಡಿಕೆಗೆ ಪಿನ್ನು ಚುಚ್ಚುತ್ತಿದ್ದರು. ನನ್ನ ಕೈಗೆ ಬಂದ ನಿಜವಾದ ಟ್ಯಾಬ್‌ನಲ್ಲಿ ಮೂರು ಗೆರೆ ಖಾಲಿ. ಕೆಳಗಿನದರಲ್ಲಿ ಮೂರು, ಮೂರು, ಐದು, ಐದು, ಸೊನ್ನೆ. ಒಂದು ಸಲ ನುಡಿಸಿದೆ. ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿದಷ್ಟು ಸಲೀಸು.

ಈ ಸಲ ಗುಂಡಿ ಡಬ್ಬಿಯ ಕಡೆ ತಿರುಗಲಿಲ್ಲ.

"ಅಣ್ಣಾ, ನಾಳೆ ನಾನೇ ನುಡಿಸ್ತೀನಿ, ಆಯ್ತಾ?"

ನಾಲ್ವರೂ ತಲೆಯೆತ್ತಿ ನನ್ನನ್ನು ನೋಡಿದರು. ನಾಲ್ವರ ಬಾಯಲ್ಲೂ ಪಿನ್ನು.