ಒಬ್ಬಳೇ ಹಾಡುವ ಚರಣ

ಹೋಟೆಲಿನ ಲಿಫ್ಟಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಹುಡುಗ ಹುಡುಗಿಯರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಗಂಟಲು ಉಳಿಯಲೆಂದು ಎಲ್ಲರೂ ಬಾಯಿ ಬಿಗಿದಿದ್ದರು. ಒಬ್ಬ ಹುಡುಗ ಕತ್ತಿಗೆ ಎರಡು ಮಫ್ಲರ್ ಸುತ್ತಿಕೊಂಡು ಬಿಸಿನೀರಿನ ಲೋಟವನ್ನು ಮೂಗಿನ ಕೆಳಗೆ ಹಿಡಿದು ಉಗಿ ಎಳೆದುಕೊಳ್ಳುತ್ತಿದ್ದ. ಮುದುಕ ವಿಲ್ಮರ್ ಶ್ರಾಕ್ ಹ್ಯಾಟನ್ನು ಎದೆಗೆ ಒತ್ತಿಕೊಂಡು ಮೂಲೆಯಲ್ಲಿ ನಿಂತು, ಹೆಣದ ಹಿಂದೆ ಹೋಗುವವರೂ ಇಷ್ಟು ಮೌನವಾಗಿರುವುದಿಲ್ಲವಲ್ಲ ಎಂದುಕೊಂಡ. ಅವನಿಗೆ ಅದು ಗೊತ್ತಿದ್ದ ವಿಷಯ. ನವೆಂಬರಿನಲ್ಲಿ ಹೆಂಡತಿ ಆರ್ಲೀನಳನ್ನು ಮಣ್ಣು ಮಾಡಿ ಬಂದಿದ್ದ.

ಪಕ್ಕದಲ್ಲಿ ಮೊಮ್ಮಗಳು ತಿರ್ಜಾ. ಸಂಗೀತ ನಾಟಕ ಕಲಿಸುವ ಕಾಲೇಜುಗಳು ಫೆಬ್ರವರಿ ಬಂತೆಂದರೆ ಶಿಕಾಗೋದ ಈ ಹೋಟೆಲಿಗೆ ಬಂದಿಳಿಯುತ್ತವೆ. ಒಂದೊಂದು ಕೋಣೆ ಹಿಡಿದು, ಮಂಚ ಹೊರಗೆ ಹಾಕಿಸಿ, ಪಿಯಾನೋ ಒಳಗೆ ತರಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಹಾಡಿಸುತ್ತವೆ. ತಿರ್ಜಾ ಅರ್ಜಿ ಹಾಕಿದ ಹೆಚ್ಚಿನ ಕಾಲೇಜುಗಳು ಅವಳು ಕಳಿಸಿದ ವಿಡಿಯೋ ನೋಡಿಯೇ ಬೇಡವೆಂದಿದ್ದವು. ಕರೆದವರಲ್ಲೂ ನಿನ್ನೆಯವರೆಗೆ ಯಾರೂ ಕೈ ಹಿಡಿದಿರಲಿಲ್ಲ. ಇನ್ನು ಉಳಿದದ್ದು ಒಂದೇ, ಮಿಷಿಗನ್ ಕಡೆಯ ಒಂದು ಸಣ್ಣ ಕಾಲೇಜು. ಅದೂ ತಪ್ಪಿದರೆ ಅವಳು ಇಂಡಿಯಾನಾಕ್ಕೆ ಹಿಂದಿರುಗಿ ಊರಿನ ಆಸ್ಪತ್ರೆಯ ಪಕ್ಕದಲ್ಲೇ ನರ್ಸಿಂಗ್ ಸೇರಬೇಕು. ಅದು ಅವಳ ಅಪ್ಪ ಲೋವೆಲ್ ಹಾಕಿದ ಕರಾರು. ಒಂದು ಚಳಿಗಾಲ ಅಷ್ಟೇ, ಇನ್ನೊಂದು ಕೇಳಬಾರದು.

ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ವಿಲ್ಮರ್ ಕೇಳಿದ್ದ: "ನಿನ್ನೆ ಏನಂದ್ರು? ಸರಿಯಾಗಿ ಹೇಳು."

"ಎಷ್ಟು ಸಲ ಹೇಳ್ಲಿ ಅಜ್ಜ? 'ದನಿ ಚೆನ್ನಾಗಿದೆಯಮ್ಮ, ಆದರೆ ನೀನು ಯಾರದೋ ಬೆನ್ನ ಹಿಂದೆ ನಿಂತು ಹಾಡ್ತೀಯ' ಅಂದ್ರು. ಆ ಕೋಣೇಲೂ ಅದೇ, ಈ ಕೋಣೇಲೂ ಅದೇ. ಯಾರ ಬೆನ್ನು? ಅಲ್ಲಿ ಇದ್ದಿದ್ದೇ ನಾನೊಬ್ಳು!"

ಅವಳ ದನಿ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ವಿಲ್ಮರ್‌ನ ಬಲಗೈ ಅವನನ್ನು ಕೇಳದೆ ಮೇಲೆದ್ದು, ಅಂಗೈ ಕೆಳಗೆ ಮಾಡಿಕೊಂಡು ಮೆಲ್ಲನೆ ಇಳಿಯಿತು. ಬಹಳ ವರ್ಷ ಚರ್ಚಿನ ಸಭೆಯ ಮುಂದೆ ನಿಂತು, ದನಿ ತಗ್ಗಿಸಿ ಎಂದು ಸನ್ನೆ ಮಾಡುತ್ತ ಹಾಡು ನಡೆಸಿದ ಕೈ ಅದು.

"ನೋಡಿ, ಇಲ್ಲೂ ಬಿಡಲಿಲ್ಲ ನೀವು," ಎಂದು ತಿರ್ಜಾ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಅವರದು ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಸಭೆ. ಅವರ ಪ್ರಾರ್ಥನಾ ಮಂದಿರದಲ್ಲಿ ಪಿಯಾನೋ ಇಲ್ಲ, ಬೇರೆ ವಾದ್ಯವೂ ಇಲ್ಲ. ಇರುವುದು ಜನರ ಗಂಟಲು ಮಾತ್ರ. ಮೇಲ್ದನಿಯ ಹೆಂಗಸರು ಕೀರ್ತನೆಯ ಮಟ್ಟನ್ನು ಹಾಡುತ್ತಾರೆ. ಇನ್ನು ಕೆಲವು ಹೆಂಗಸರು ಅದರ ಕೆಳಗೆ ಒತ್ತುದನಿ ಕೊಡುತ್ತಾರೆ. ಗಂಡಸರದು ಅದಕ್ಕೂ ಕೆಳಗೆ, ತಳದಲ್ಲಿ ಮಂದ್ರ. ಹೊಸಬರಿಗೆ ವಿಲ್ಮರ್ ಹೇಳಿಕೊಡುತ್ತಿದ್ದ ಪಾಠ ಒಂದೇ: ನಿನ್ನ ದನಿ ನಿನಗೆ ಕೇಳಿಸಿತೆಂದರೆ ಜೋರಾಯಿತು, ಪಕ್ಕದವರ ದನಿ ಕೇಳಿಸಬೇಕು. ತಿರ್ಜಾ ಕಾಲು ನೆಲಕ್ಕೆ ತಾಗದ ವಯಸ್ಸಿನಿಂದ ಅಜ್ಜಿಯ ಮಗ್ಗುಲಲ್ಲಿ ಕೂತು, ಅಜ್ಜಿಯ ಮೇಲ್ದನಿಯ ಕೆಳಗೆ ಒತ್ತುದನಿ ಹಾಡಿ ಬೆಳೆದವಳು. ಯಾರ ಬೆನ್ನ ಹಿಂದೆ ಎಂದು ಆ ಪರೀಕ್ಷಕರಿಗೆ ತಿಳಿದಿರಲಿಲ್ಲ. ವಿಲ್ಮರ್‌ಗೆ ತಿಳಿದಿತ್ತು.

ನಾಟಕದ ಹಾಡು ಕರ್ತನಾದ ದೇವರಿಗೆ ಮೆಚ್ಚುಗೆಯೋ ಅಲ್ಲವೋ ಎಂಬುದು ಅವನಿಗೆ ಇಂದಿಗೂ ಇತ್ಯರ್ಥವಾಗಿರಲಿಲ್ಲ. ಆದರೆ ಆರ್ಲೀನ್ ಕೊನೆಗೆ ಹಾಸಿಗೆಯಿಂದ ಹೇಳಿದ್ದಳು: "ಮಗೂನ ನೀವೇ ಕರ್ಕೊಂಡು ಹೋಗ್ಬೇಕು. ಲೋವೆಲ್ ಮಾತಿಗೆ ಕಿವಿಗೊಡಬೇಡಿ." ಅವನು ಆಗಲೆಂದಿದ್ದ. ಅದೇ ವಾರದಲ್ಲಿ ಮೊಣಕಾಲೂರಿ, ನನ್ನ ಆರ್ಲೀನಳನ್ನು ಉಳಿಸಿಕೊಡು ಎಂದು ದೇವರನ್ನು ಬೇಡಿದ್ದ. ಉಳಿಯಲಿಲ್ಲ. ಆಮೇಲೆ ಅವನು ಪ್ರಾರ್ಥನೆಯಲ್ಲಿ ಸ್ತೋತ್ರ ಹೇಳುತ್ತಿದ್ದ, ವಂದನೆ ಹೇಳುತ್ತಿದ್ದ, ಏನನ್ನೂ ಕೇಳುತ್ತಿರಲಿಲ್ಲ. ಹಾಡುವುದೂ ನಿಂತುಹೋಗಿತ್ತು. ಭಾನುವಾರ ಪುಸ್ತಕ ತೆರೆದು ಎದ್ದು ನಿಂತರೆ ಗಂಟಲು ಕಲ್ಲಿನ ಹಾಗೆ ಕೂತುಬಿಡುತ್ತಿತ್ತು. ಹಾಡು ನಡೆಸಲು ಬೇರೊಬ್ಬರನ್ನು ಗೊತ್ತುಮಾಡಿದ್ದರು.

ಲಿಫ್ಟಿನಿಂದ ಇಳಿದರೆ ಉದ್ದನೆಯ ಕಾರಿಡಾರು. ಗೋಡೆಗುಂಟ ಮಕ್ಕಳು ನೆಲದ ಮೇಲೆ ಕೂತು ಕಾಲು ಚಾಚಿದ್ದರು. ಯಾರೋ ಮೆಟ್ಟಿಲ ಕಡೆಯ ಬಾಗಿಲ ಹಿಂದೆ ನಿಂತು ಸ್ವರ ಸಾಧಿಸುತ್ತಿದ್ದರು. ಕೊನೆಯ ಕೋಣೆಯ ಮುಂದೆ ಕುರ್ಚಿಗಳಿದ್ದವು. ಅವುಗಳಲ್ಲೊಂದರಲ್ಲಿ ಕೆಂಪು ಕೋಟಿನ ಒಬ್ಬ ಹೆಂಗಸು ಚಕ್ರದ ಪೆಟ್ಟಿಗೆಯ ಮೇಲೆ ಕಾಲಿಟ್ಟು ಕೂತಿದ್ದಳು. ಹೆಸರು ಕ್ಯಾಂಡೇಸ್, ನ್ಯೂಜೆರ್ಸಿಯವಳು, ಎಂದು ಅವಳೇ ಹೇಳಿಕೊಂಡಳು.

"ನನ್ನ ಮಗಳು ಪಕ್ಕದ ಕೋಣೇಲಿದಾಳೆ. ನಮಗೆ ಇದು ಎರಡನೇ ವರ್ಷ," ಎಂದಳು. "ಗಂಡನಿಗೆ ಬರಲೇಬೇಡಿ ಅಂದೆ. ಬಂದ್ರೆ ಅವಳಿಗಿಂತ ಮುಂಚೆ ಅವರೇ ವಾಂತಿ ಮಾಡ್ಕೋತಾರೆ. ನೀವು ಗಟ್ಟಿ ಇದ್ದೀರಿ ಬಿಡಿ."

"ನೋಡೋಕೆ ಹಾಗಿದ್ದೀನಿ," ಎಂದ ವಿಲ್ಮರ್.

"ನಿನ್ನೆ ಒಬ್ಬ ಅಪ್ಪ ಬಾಗಿಲಿಗೆ ಕಿವಿ ಇಟ್ಟಿದ್ದ. ಕೆಳಗೆ ಅಟ್ಟಿದ್ರು. ಮಗ ಒಳಗೆ ಹಾಡ್ತಾ ಇದ್ದೋನು ಗಲಾಟೆ ಕೇಳಿ ಸಾಲೇ ಮರೆತುಬಿಟ್ಟ. ಸುಮ್ನೆ ಕೂತಿರಿ. ಕೆಮ್ಮು ಬಂದ್ರೂ ನುಂಗ್ಕೊಳ್ಳಿ."

ಬಾಗಿಲು ತೆರೆಯಿತು. ಕೊರಳಿಗೆ ಗುರುತಿನ ಚೀಟಿ ಹಾಕಿದ ಕಾಲೇಜು ಹುಡುಗಿ ಹೆಸರು ಕೂಗಿದಳು. ತಿರ್ಜಾ ಎದ್ದಳು. ಅವಳ ಮುಖ ಹಿಟ್ಟಿನಂತೆ ಬಿಳಿಚಿತ್ತು.

"ಅಜ್ಜ, ಏನಾದ್ರೂ ಹೇಳಿ."

ಕರ್ತನು ನಿನ್ನ ಸಂಗಡ ಇರಲಿ ಎನ್ನಬೇಕೆಂದುಕೊಂಡ. ಬಾಯಿಗೆ ಬಂದದ್ದು ಬೇರೆ. "ಬೂಟಿನ ಲಾಡಿ ಬಿಚ್ಚಿದೆ, ಕಟ್ಕೋ."

ಅವಳು ಬಗ್ಗಿ ಕಟ್ಟಿಕೊಂಡು ಒಳಗೆ ಹೋದಳು. ಚೀಟಿಯ ಹುಡುಗಿ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು. "ತಾತ, ಆ ಕುರ್ಚಿ ಬಿಟ್ಟು ಈಚೆ ಬರೋ ಹಾಗಿಲ್ಲ. ಸದ್ದಾದ್ರೆ ಮೇಡಂ ನನ್ನನ್ನೇ ಬೈಯೋದು."

ಹೋಟೆಲಿನ ಬಾಗಿಲು ತೆಳುವಾಗಿತ್ತು. ಪಿಯಾನೋ ಶುರುವಾಯಿತು. ತಿರ್ಜಾಳ ದನಿ ಅದರ ಜೊತೆ ಸೇರಿತು. ಅಲ್ಲಿ ಇಡೀ ಹಾಡಿಗೆ ಅವಕಾಶವಿಲ್ಲ, ಅಳೆದು ಕತ್ತರಿಸಿದ ಒಂದು ತುಂಡು. ಸ್ವರ ಒಂದೂ ತಪ್ಪಲಿಲ್ಲ. ಆದರೂ ವಿಲ್ಮರ್‌ನ ತಲೆ ತಗ್ಗಿತು. ನಿನ್ನೆಯವರು ಹೇಳಿದ್ದು ನಿಜವಾಗಿತ್ತು. ಹುಡುಗಿ ಪಿಯಾನೋದ ಹಿಂದೆ, ಬಾಗಿಲ ಮರೆಯಲ್ಲಿ ನಿಂತ ಮಗುವಿನ ಹಾಗೆ, ಅಡಗಿ ಹಾಡುತ್ತಿದ್ದಳು. ಸಭೆಯಲ್ಲಿ ಅದು ಸದ್ಗುಣವಾಗಿತ್ತು.

ತುಂಡು ಮುಗಿಯಿತು. ಒಳಗೆ ಮಾತಿಲ್ಲ.

"ಇಷ್ಟು ಹೊತ್ತು ಸುಮ್ನಿರೋದು ಒಳ್ಳೇದಲ್ಲ," ಎಂದಳು ಕ್ಯಾಂಡೇಸ್ ಪಿಸುದನಿಯಲ್ಲಿ.

ಆಮೇಲೆ ಒಬ್ಬ ಹೆಂಗಸಿನ ಭಾರವಾದ ದನಿ ಕೇಳಿಸಿತು. "ಪಿಯಾನೋ ಬೇಡ. ಆ ಹಾಡೂ ಬೇಡ, ಬೆಳಿಗ್ಗೆಯಿಂದ ಎಲ್ಲರೂ ಅದನ್ನೇ ಹಾಡಿದ್ದಾರೆ. ನಿಮ್ಮ ಮನೇಲಿ ಏನು ಹಾಡ್ತೀರೋ ಅದನ್ನ ಹಾಡು."

ತಿರ್ಜಾ ಹಾಡತೊಡಗಿದಳು. ಅದು ಆರ್ಲೀನಳ ಸಮಾಧಿಯ ಬಳಿ ಸಭೆಯವರು ಹಾಡಿದ ಕೀರ್ತನೆ. ಹುಡುಗಿ ಅದರ ಮಟ್ಟನ್ನು ಹಾಡುತ್ತಿರಲಿಲ್ಲ, ಒತ್ತುದನಿಯನ್ನು ಹಾಡುತ್ತಿದ್ದಳು. ತನಗೆ ಗೊತ್ತಿದ್ದ ಸಾಲನ್ನೇ, ಹುಟ್ಟಿನಿಂದ ಹಾಡಿದ ಹಾಗೆ. ಒಂದೇ ಸ್ವರದ ಮೇಲೆ ನಿಲ್ಲುವುದು, ಒಂದು ಮೆಟ್ಟಿಲು ಇಳಿಯುವುದು, ಮತ್ತೆ ಅಲ್ಲಿಗೇ ಬರುವುದು. ಹಂದರ ಇತ್ತು, ಬಳ್ಳಿ ಇರಲಿಲ್ಲ. ಗೊತ್ತಿದ್ದವರ ಕಿವಿಗೆ ಆರ್ಲೀನ್ ಇಲ್ಲದ ಜಾಗ ಅಷ್ಟಗಲ ತೆರೆದುಕೊಂಡು ಕೇಳಿಸುತ್ತಿತ್ತು. ಗೊತ್ತಿಲ್ಲದವರಿಗೆ ಏನು ಕೇಳಿಸೀತು?

"ಇದು ಹಾಡಾ?" ಎಂದಳು ಕ್ಯಾಂಡೇಸ್. "ಏನ್ಮಾಡ್ತಿದಾಳೆ ಅವಳು? ಮರೆತುಬಿಟ್ಳಾ?"

"ಇಲ್ಲ," ಎಂದ ವಿಲ್ಮರ್. "ಮರೆತಿಲ್ಲ."

ಮೊದಲ ಚರಣ ಮುಗಿಯಿತು. ಒಳಗೆ ಆ ಭಾರವಾದ ದನಿ ಏನೋ ಕೇಳಿತು. ತಿರ್ಜಾ ಏನೋ ಉತ್ತರ ಹೇಳಿದಳು. ಅವಳ ಮಾತು ಸರಿಯಾಗಿ ಕೇಳಿಸಲಿಲ್ಲ, "ಅಜ್ಜಿ" ಎಂಬ ಒಂದು ಶಬ್ದದ ಹೊರತು. ವಿಲ್ಮರ್ ಕುರ್ಚಿಯ ತುದಿಗೆ ಬಂದ. ಚೀಟಿಯ ಹುಡುಗಿ ಅವನನ್ನೇ ನೋಡುತ್ತಿದ್ದಳು.

ಎರಡನೆಯ ಚರಣ ಶುರುವಾಯಿತು. ಮೊದಲ ಸ್ವರ ಕೇಳಿದೊಡನೆ ಅವನು ಕುರ್ಚಿಯ ತೋಳನ್ನು ಹಿಡಿದುಕೊಂಡ. ಅದು ಮೇಲ್ದನಿ. ಆರ್ಲೀನಳ ಸಾಲು. ಹುಡುಗಿ ಅದನ್ನು ಎಂದೂ ಹಾಡಿದವಳಲ್ಲ. ದನಿ ನಡುಗುತ್ತಿತ್ತು, ಗುರುತಿಲ್ಲದ ಮನೆಯಲ್ಲಿ ಕತ್ತಲಲ್ಲಿ ಕೈಯಾಡಿಸುವವರ ಹಾಗೆ ಒಂದೊಂದೇ ಸ್ವರವನ್ನು ತಡವಿ ಹಿಡಿಯುತ್ತಿದ್ದಳು. ಎರಡನೆಯ ಸಾಲಿನ ಏರಿನಲ್ಲಿ ಅವಳು ಕಾಲು ಜಾರಿದವಳಂತೆ ತೊದಲಿದಳು.

ಆಗ ವಿಲ್ಮರ್‌ನ ಗಂಟಲಿನ ಕಲ್ಲು ಅಲುಗಿತು. ಅವನು ಹಾಡಬೇಕೆಂದುಕೊಂಡಿರಲಿಲ್ಲ. ಬಿದ್ದವರನ್ನು ಹಿಡಿಯಲು ಕೈ ಮುಂದೆ ಹೋಗುವ ಹಾಗೆ ಮಂದ್ರ ತಾನಾಗಿ ಹೊರಗೆ ಬಂತು. ಒರಟಾಗಿ, ತುಕ್ಕು ಹಿಡಿದ ಬಾಗಿಲಿನಂತೆ ಬಂತು. ಕಾರಿಡಾರಿನ ಮಕ್ಕಳೆಲ್ಲ ತಲೆಯೆತ್ತಿದರು. ಒಳಗೆ ತಿರ್ಜಾಳ ದನಿ ನಿಲ್ಲಲು ನೆಲ ಸಿಕ್ಕವಳಂತೆ ತಕ್ಷಣ ಗಟ್ಟಿಯಾಯಿತು.

"ತಾತ! ತಾತ, ದಯವಿಟ್ಟು!" ಚೀಟಿಯ ಹುಡುಗಿ ಎರಡೂ ಕೈ ಆಡಿಸಿದಳು.

"ಅಯ್ಯೋ, ಬಾಯ್ಮುಚ್ಚಿ ಮಾರಾಯ್ರೇ!" ಎಂದು ಕ್ಯಾಂಡೇಸ್ ಅವನ ತೋಳು ಹಿಡಿದೆಳೆದಳು.

ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಒಬ್ಬ ದಪ್ಪ ಹೆಂಗಸು ಕನ್ನಡಕವನ್ನು ಹಣೆಗೇರಿಸಿಕೊಂಡು ನಿಂತಿದ್ದಳು. ಅವಳ ಹಿಂದೆ, ಖಾಲಿ ಕೋಣೆಯ ನಡುವೆ, ತಿರ್ಜಾ ಕಾಣಿಸಿದಳು.

"ಯಾರು ಹಾಡಿದ್ದು?"

ವಿಲ್ಮರ್ ಎದ್ದು ನಿಂತ. ಹ್ಯಾಟು ನೆಲಕ್ಕೆ ಬಿತ್ತು. ಆರ್ಲೀನ್ ಕೇಳಿಕೊಂಡ ಒಂದೇ ಒಂದು ಕೆಲಸ, ಅದನ್ನೂ ನನ್ನ ಕೈಯಾರೆ ಕೆಡಿಸಿದೆ ಎನಿಸಿತು. "ನಾನಮ್ಮಾ. ಹುಡುಗಿಯದೇನೂ ತಪ್ಪಿಲ್ಲ. ಅವಳಿಗೆ ಗೊತ್ತೂ ಇಲ್ಲ. ನನ್ನನ್ನ ಕೆಳಗೆ ಕಳಿಸಿ, ಅವಳನ್ನ ಮಾತ್ರ..."

"ಇನ್ನು ಎಷ್ಟು ಚರಣ ಇದೆ?"

"ಒಂದು."

"ಸರಿ. ಅದನ್ನ ಹಾಡಬೇಡಿ. ನೀವು ಹಾಡಿದ್ರೆ ಅವಳು ನಿಮ್ಮ ಮೇಲೆ ಒರಗ್ತಾಳೆ. ನನಗೆ ಬೇಕಾಗಿರೋದು ನೀವಲ್ಲ, ಅವಳು." ಹೆಂಗಸು ಸಿಟ್ಟಿನಿಂದ ಹೇಳಲಿಲ್ಲ, ನಯವಾಗಿಯೂ ಹೇಳಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

ಕೊನೆಯ ಚರಣ ಶುರುವಾಯಿತು. ಮೂರು ತಿಂಗಳಿಂದ ಬಾರದಿದ್ದ ದನಿ ಈಗ ಅವನ ಗಂಟಲಲ್ಲಿ ಬಂದು ನಿಂತಿತ್ತು, ಬಾಗಿಲು ತಟ್ಟುತ್ತಿತ್ತು. ಹುಡುಗಿ ಅದೇ ಏರಿನ ಕಡೆಗೆ ಬರುತ್ತಿದ್ದಳು. ಅವನು ತುಟಿ ಕಚ್ಚಿದ. ಸಾಲದೆ, ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಕರ್ತನೇ, ಎಂದ ಒಳಗೇ. ನಿನ್ನನ್ನು ಏನೂ ಕೇಳಬಾರದೆಂದುಕೊಂಡಿದ್ದೆ. ಇದೊಂದು ಕೇಳುತ್ತೇನೆ. ಅವಳ ದನಿ ಅವಳಿಗೆ ಕೇಳಿಸಲಿ.

ಏರಿನ ಬುಡದಲ್ಲಿ ತಿರ್ಜಾ ಒಂದು ಕ್ಷಣ ತಡೆದಳು. ಅವಳು ಕಾಯುತ್ತಿದ್ದಾಳೆಂದು ವಿಲ್ಮರ್‌ಗೆ ತಿಳಿಯಿತು. ತನಗಾಗಿ ಕಾಯುತ್ತಿದ್ದಾಳೆ. ಅವನು ಬಾಯಿ ಬಿಡಲಿಲ್ಲ.

ಕೆಳಗಿನಿಂದ ಯಾರೂ ಬರಲಿಲ್ಲವೆಂದಾಗ ಅವಳು ಒಬ್ಬಳೇ ಹತ್ತಿದಳು. ಆರ್ಲೀನಳ ಹಾಗೆ ಹಾಡಲಿಲ್ಲ. ಆರ್ಲೀನಳದು ನಯವಾದ ದನಿ. ಇದರಲ್ಲಿ ಸ್ವಲ್ಪ ಕೋಪವಿತ್ತು, ಸ್ವಲ್ಪ ಅಳುವಿತ್ತು, ಯಾರ ಅಪ್ಪಣೆಗೂ ಕಾಯದ ಒಂದು ಗಟ್ಟಿತನವಿತ್ತು. ಅದು ಬಾಗಿಲು ದಾಟಿ, ಕಾರಿಡಾರು ದಾಟಿ ಮೆಟ್ಟಿಲ ತನಕ ಹೋಯಿತು. ಅಲ್ಲಿ ಸ್ವರ ಸಾಧಿಸುತ್ತಿದ್ದವರು ನಿಲ್ಲಿಸಿದರು. ಸಭೆಯಲ್ಲಾಗಿದ್ದರೆ ವಿಲ್ಮರ್‌ನ ಕೈ ಎದ್ದು ಇಳಿಯುತ್ತಿತ್ತು. ಈಗ ಅದು ಅವನ ಬಾಯಿಯ ಮೇಲಿತ್ತು, ಒದ್ದೆಯಾಗಿತ್ತು.

ತಿರ್ಜಾ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. "ಒಳ್ಳೇದು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ಮಧ್ಯಾಹ್ನ ನೃತ್ಯದ ಪರೀಕ್ಷೆಗೆ ಬಾ, ಆಮೇಲೆ ಮಾತಾಡೋಣ ಅಂದ್ರು."

"ಮಾತಾಡೋಣ ಅಂದ್ರಾ?" ಕ್ಯಾಂಡೇಸ್ ಪೆಟ್ಟಿಗೆಯಿಂದ ಕಾಲು ಇಳಿಸಿದಳು. "ನಮಗೆ ಎರಡು ವರ್ಷದಲ್ಲಿ ಯಾರೂ ಹಾಗಂದಿಲ್ಲ." ಬಗ್ಗಿ ವಿಲ್ಮರ್‌ನ ಹ್ಯಾಟು ಎತ್ತಿಕೊಟ್ಟಳು. "ತಗೊಳ್ಳಿ. ಇನ್ನೊಂದು ಸಲ ಹಾಡಿದ್ರೆ ನಾನೇ ಅಟ್ಟುತ್ತೀನಿ."

ಲಿಫ್ಟಿನಲ್ಲಿ ಇಳಿಯುವಾಗ ವಿಲ್ಮರ್ ಮೆಲ್ಲಗೆ ಕೇಳಿದ: "ನಾನು ಹಾಡಿದ್ದು ಕೇಳಿಸ್ತಾ?"

"ಕೇಳಿಸದೆ ಏನು! ಶ್ರುತಿ ಇಳಿದಿತ್ತು ನಿಮ್ಮದು."

"ಬಹಳ ದಿನ ಆಗಿತ್ತು, ಮಗೂ."

"ಗೊತ್ತು," ಎಂದು ಅವಳು ಅವನ ತೋಳಿಗೆ ತೋಳು ಸೇರಿಸಿದಳು. "ಕೊನೇ ಚರಣಕ್ಕೆ ಯಾಕೆ ಬರಲಿಲ್ಲ? ನಾನು ಕಾದೆ."

"ಅದೂ ಗೊತ್ತಾಯ್ತು," ಎಂದ.

ಮಧ್ಯಾಹ್ನವೆಲ್ಲ ಅವನು ಕೆಳಗಿನ ಅಂಗಳದಂಥ ದೊಡ್ಡ ಹಾಲಿನಲ್ಲಿ, ಮಂಜು ಮೆತ್ತಿದ ಬೂಟುಗಳು ಬಂದು ಹೋಗುವುದನ್ನು ನೋಡುತ್ತ ಕೂತ. ಬೆಳಿಗ್ಗೆ ಕೊಂಡ ಬನ್ನು ಕೈಯಲ್ಲೇ ಗಟ್ಟಿಯಾಯಿತು. ಕೇಳುವುದನ್ನು ಒಮ್ಮೆ ಶುರುಮಾಡಿದ ಮೇಲೆ ನಿಲ್ಲಿಸುವುದು ಕಷ್ಟವಾಗಿತ್ತು. ಕೇಳಿದ, ಮತ್ತೆ ಕೇಳಿದ. ನಿನ್ನ ಚಿತ್ತ ಎಂದು ಸೇರಿಸಿದ. ಸೇರಿಸಿದ ಮೇಲೂ ಕೇಳಿದ.

ಹೊರಗೆ ದೀಪ ಹತ್ತುವ ಹೊತ್ತಿಗೆ ತಿರ್ಜಾ ಲಿಫ್ಟಿನಿಂದ ಓಡಿ ಬಂದಳು. ಕೂದಲು ಬೆವರಿಗೆ ಹಣೆಗಂಟಿತ್ತು. ಅವನ ಮುಂದೆ ನಿಂತು ತಲೆಯಾಡಿಸಿದಳು, ಮೇಲಕ್ಕೆ ಕೆಳಕ್ಕೆ, ಮೇಲಕ್ಕೆ ಕೆಳಕ್ಕೆ.

"ಸರಿಯಾಗಿ ಹೇಳೇ!"

"ತಗೊಂಡ್ರು ಅಜ್ಜ. ಪತ್ರ ಆಮೇಲೆ ಬರುತ್ತಂತೆ. ಕೈ ಕುಲುಕಿದ್ರು. ಅಪ್ಪನಿಗೆ ನೀವೇ ಹೇಳಿ."

"ನಾನ್ಯಾಕೆ? ಹಾಡಿದವಳು ನೀನು."

ಅವಳು ಫೋನು ಮಾಡಿದಳು. "ಅಪ್ಪಾ, ಸೀಟು ಸಿಕ್ತು!" ಎಂಬ ಕೂಗಿಗೆ ಹಾಲಿನಲ್ಲಿದ್ದವರೆಲ್ಲ ತಿರುಗಿದರು. ವಿಲ್ಮರ್‌ನ ಬಲಗೈ ಅಂಗೈ ಕೆಳಗೆ ಮಾಡಿಕೊಂಡು ಮೇಲೆದ್ದಿತು. ಅವನು ಅದನ್ನು ಒಂದು ಗಳಿಗೆ ನೋಡಿದ. ಆಮೇಲೆ ಹಿಡಿದು ಕೋಟಿನ ಜೇಬಿಗೆ ತುರುಕಿದ.

"ಇನ್ನೂ ಜೋರಾಗಿ ಹೇಳು," ಎಂದ. "ನಿಮ್ಮಪ್ಪನಿಗೆ ಮೊದಲಿಂದ ಕಿವಿ ಸ್ವಲ್ಪ ಮಂದ."